ನಾನು ಹುಟ್ಟಾ ನಕಲಿಯಲ್ಲ: ಒಂದು ಗಾಜಿನ ಗೋಲಿಯ ಸಂದರ್ಶನ

ಅಮೆರಿಕದಲ್ಲಿ ಗೋಲಿ ಸಂಗ್ರಾಹಕರ ಮೇಳಕ್ಕೆ ಹೋದವರು ಸಭಾಂಗಣದ ಮೇಜುಗಳಿಗಿಂತ ಮೊದಲು ಹೋಟೆಲಿನ ಕೋಣೆಗಳನ್ನು ನೋಡಬೇಕು. ವ್ಯಾಪಾರಿಗಳು ಬಾಗಿಲು ತೆರೆದಿಟ್ಟು, ತಾವು ಮಲಗಬೇಕಾದ ಮಂಚದ ಮೇಲೆ ಗೋಲಿಗಳನ್ನು ಮಲಗಿಸಿ, ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿರುತ್ತಾರೆ. ಗಿರಾಕಿಗಳು ಒಂದು ಕೈಯಲ್ಲಿ ಪುಟ್ಟ ಟಾರ್ಚು, ಇನ್ನೊಂದರಲ್ಲಿ ಭೂತಗನ್ನಡಿ ಹಿಡಿದು, ಚೌತಿಯ ದಿನ ಮನೆಮನೆಯ ಗಣಪತಿ ನೋಡಲು ಹೊರಟ ಹುಡುಗರ ಹಾಗೆ ಕೋಣೆಯಿಂದ ಕೋಣೆಗೆ ಅಲೆಯುತ್ತಾರೆ. ಓಹಾಯೊದ ಅಂಥದೊಂದು ಕೋಣೆಯಲ್ಲಿ, ದಿಂಬಿನ ಪಕ್ಕದ ಮಖಮಲ್ಲಿನ ಪೆಟ್ಟಿಗೆಯಲ್ಲಿ, ನಿಂಬೆಹಣ್ಣಿಗಿಂತ ತುಸು ಚಿಕ್ಕ ಗೋಲಿಯೊಂದು ಹೊಟ್ಟೆಯೊಳಗೆ ಬಿಳಿ ಸಿಂಹವನ್ನಿಟ್ಟುಕೊಂಡು ಕೂತಿತ್ತು. ಮುಂದಿದ್ದ ಚೀಟಿಯಲ್ಲಿ ‘ಜರ್ಮನಿ, ಸುಮಾರು 1880’ ಎಂದಿತ್ತು. ಹೆಸರು, ಕೋಣೆಯ ಸಂಖ್ಯೆ, ಬೆಲೆ ಮೂರನ್ನೂ ಬರೆಯಕೂಡದೆಂಬ ಷರತ್ತಿನ ಮೇಲೆ ಅದು ಮಾತಿಗೆ ಒಪ್ಪಿತು.

ಪ್ರ: ನಮಸ್ಕಾರ. ತಮ್ಮ ಹುಟ್ಟಿದೂರು ಯಾವುದು?

ಗೋಲಿ: ಕೇಳುವವರು ಯಾರು ಅನ್ನುವುದರ ಮೇಲಿದೆ. ಗಿರಾಕಿಯಾದರೆ ಲೌಷಾ. ಜರ್ಮನಿಯ ಥುರಿಂಗಿಯಾದ ಗುಡ್ಡಗಾಡಿನ ಊರು, 1597ರಿಂದ ಗಾಜಿನ ಕುಲುಮೆ ಉರಿಯುತ್ತಿರುವ ಜಾಗ. ಪತ್ರಕರ್ತರಾದರೆ, ಇಲ್ಲೇ ಅಮೆರಿಕದಲ್ಲಿ ಒಬ್ಬ ಕಲಾವಿದರ ಮನೆಯ ಹಿಂದಿನ ಷೆಡ್ಡು. 1980ರ ದಶಕ.

ಪ್ರ: ಅಂದರೆ ತಾವು ನಕಲಿ.

ಗೋಲಿ: ಸ್ವಲ್ಪ ನಿಧಾನಿಸಿ ಸ್ವಾಮಿ. ನಾನು ಹುಟ್ಟಾ ನಕಲಿಯಲ್ಲ. ನನ್ನನ್ನು ಮಾಡಿದವರು ಹಳೆಯ ಸಲ್ಫೈಡ್ ಗೋಲಿಗಳಿಗೆ ಮನಸೋತು, ಮರೆತುಹೋಗಿದ್ದ ಆ ವಿದ್ಯೆಯನ್ನು ಕೈ ಸುಟ್ಟುಕೊಂಡು ಕಲಿತವರು. ಅಡಿಯಲ್ಲಿ ತಮ್ಮ ಹೆಸರಿನ ಮೊದಲಕ್ಷರ, ಇಸವಿ ಎರಡನ್ನೂ ಕೊರೆದು, ಹೊಸ ಗೋಲಿ ಎಂದೇ ಹೇಳಿ ಮಾರಿದರು. ಕೈಯಿಂದ ಕೈಗೆ ದಾಟಿ ಒಬ್ಬರ ಮನೆ ಸೇರಿದೆ ನೋಡಿ, ಅಲ್ಲೊಂದು ಸಾಣೆಯ ಯಂತ್ರ ಇತ್ತು. ಅಕ್ಷರ ಹೋಯಿತು, ಇಸವಿ ಹೋಯಿತು, ಒಂದೇ ಮಧ್ಯಾಹ್ನದಲ್ಲಿ ನನಗೆ ನೂರು ವರ್ಷ ವಯಸ್ಸಾಯಿತು. ನಿಮ್ಮ ಕಡೆ ನಿವೃತ್ತಿ ಹತ್ತಿರ ಬಂದಾಗ ಕೆಲವರ ಜನ್ಮದಿನಾಂಕ ಮುಂದೆ ಸರಿಯುತ್ತದಂತಲ್ಲ? ನಮ್ಮ ಕಡೆ ಹಿಂದೆ ಸರಿಯುತ್ತದೆ, ಅಷ್ಟೇ.

ಪ್ರ: ಸಲ್ಫೈಡ್ ಗೋಲಿ ಅಂದರೇನು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳುತ್ತೀರಾ?

ಗೋಲಿ: ಬಿಳಿ ಜೇಡಿಯಂಥ ಮಿಶ್ರಣದಲ್ಲಿ ಒಂದು ಪುಟ್ಟ ಬೊಂಬೆ ಮಾಡುವುದು. ಹೆಚ್ಚಾಗಿ ಪ್ರಾಣಿಪಕ್ಷಿ: ನಾಯಿ, ಕುರಿ, ಹಕ್ಕಿ, ಸಿಂಹ. ಅದನ್ನು ಚೆನ್ನಾಗಿ ಕಾಯಿಸಿ, ಕಬ್ಬಿಣದ ಸಲಾಕೆಯ ತುದಿಯಲ್ಲಿರುವ ಕರಗಿದ ಗಾಜಿನೊಳಗೆ ಸೇರಿಸಿ, ದುಂಡಗೆ ಹೊರಳಿಸಿ, ಸಲಾಕೆಯಿಂದ ಬಿಡಿಸುವುದು. ಒಂದೊಂದನ್ನೂ ಹೀಗೇ ಬಿಡಿಬಿಡಿಯಾಗಿ ಮಾಡಬೇಕು. ಬೊಂಬೆಯ ಸುತ್ತ ತೆಳ್ಳಗೆ ಗಾಳಿ ಸಿಕ್ಕಿಕೊಂಡು ಅದಕ್ಕೆ ಬೆಳ್ಳಿಯ ಹೊಳಪು ಬರುತ್ತದೆ. ಶಾಖ ಹದ ತಪ್ಪಿದರೆ ಬೊಂಬೆಯೇ ಬಿರಿಯುತ್ತದೆ. ಹಳೆಯ ಗೋಲಿಗಳನ್ನು ನೋಡಿ, ಎಷ್ಟೋ ಸಿಂಹಗಳಿಗೆ ಕಾಲು ಮುರಿದಿದೆ. ಎಷ್ಟೋ ಕುರಿಗಳು ನಡುವಿನಿಂದ ಜಾರಿ ಗಾಜಿನ ಒಂದು ಪಕ್ಕಕ್ಕೆ ತಲೆ ಆನಿಸಿಕೊಂಡು ನಿಂತಿವೆ.

ಪ್ರ: ತಮ್ಮ ಸಿಂಹ ಮಾತ್ರ ನಟ್ಟನಡುವೆ ನಿಂತಿದೆ.

ಗೋಲಿ: ಅದೇ ನನ್ನ ಮೊದಲ ತಪ್ಪು. ಹಲ್ಲು ಎಣಿಸುವಷ್ಟು ಸ್ಪಷ್ಟ, ಗಾಜು ಗಾಳಿಸಿದ ನೀರಿನಷ್ಟು ತಿಳಿ. ಹಳೆಯ ಗಾಜಿನಲ್ಲಿ ಸಣ್ಣ ಗುಳ್ಳೆ ಇರುತ್ತದೆ, ಕುಲುಮೆಯ ಕಸ ಇರುತ್ತದೆ, ಒಂದಿಷ್ಟು ಬಣ್ಣದ ಛಾಯೆ ಇರುತ್ತದೆ. ನನ್ನ ಚಿಕ್ಕಪ್ಪನ ಮಕ್ಕಳು ಇನ್ನೂ ಮುಂದೆ ಹೋದರು. ಬಣ್ಣ ಬಳಿದ ಬೊಂಬೆ, ನೀಲಿ ಗಾಜಿನೊಳಗಿನ ಬೊಂಬೆ, ಒಂದೇ ಗೋಲಿಯಲ್ಲಿ ಜೋಡಿ ಬೊಂಬೆ. ಹಳಬರಲ್ಲಿ ಇಂಥವು ಸಿಗುವುದು ಬಹಳ ಅಪರೂಪ. ಹೊಸಬರಲ್ಲಿ ಪೆಟ್ಟಿಗೆಗಟ್ಟಲೆ. ಅಪರೂಪದ ವಸ್ತು ಡಜನ್ ಲೆಕ್ಕದಲ್ಲಿ ಕಂಡರೆ ಓಡಿಹೋಗಿ ಅಂತ ನಾನೇ ಹೇಳುತ್ತೇನೆ. ಯಾರೂ ಓಡುವುದಿಲ್ಲ. ಡಜನ್ನಿಗೆ ಎಷ್ಟು ಬಿಡುತ್ತೀರಿ ಅಂತ ಕೇಳುತ್ತಾರೆ.

ಪ್ರ: ಅಡಿಯಲ್ಲಿ ಒಂದು ಗುರುತು ಇರಬೇಕು, ಅದಿದ್ದರೆ ಅಸಲಿ ಅಂತ ಪಕ್ಕದ ಕೋಣೆಯವರು ಹೇಳಿದರು.

ಗೋಲಿ: ಪಾಂಟಿಲ್ ಗುರುತು. ಪಕ್ಕದ ಕೋಣೆಯವರು ಅರ್ಧ ಹೇಳಿದ್ದಾರೆ, ಉಳಿದರ್ಧ ಹೇಳಿದರೆ ಅವರ ಮಾಲು ಹೋಗುವುದಿಲ್ಲ. ಲೌಷಾದಲ್ಲಿ 1840ರ ದಶಕದಲ್ಲಿ ಒಂದು ವಿಶೇಷ ಕತ್ತರಿ ಬಂತು, ಅದರ ಒಂದು ತುದಿಯಲ್ಲಿ ಪುಟ್ಟ ಬಟ್ಟಲು. ಬಣ್ಣದ ಎಳೆಗಳನ್ನು ಒಳಗಿಟ್ಟು ಎಳೆದು ತಿರುಚಿದ ಗಾಜಿನ ಕೋಲನ್ನು ಆ ಬಟ್ಟಲಿನಲ್ಲಿ ತಿರುಗಿಸಿ ದುಂಡು ಮಾಡಿ ಕತ್ತರಿಸುತ್ತಿದ್ದರು. ಕತ್ತರಿ ಬಿದ್ದ ಕಡೆ ಒರಟು ಗುರುತು ಉಳಿಯುತ್ತದೆ. ಕೋಲಿನಿಂದ ಕತ್ತರಿಸಿದವಕ್ಕೆ ಎರಡು ತುದಿಯಲ್ಲಿ, ನನ್ನಂಥ ಸಲ್ಫೈಡಿಗೆ ಸಾಮಾನ್ಯವಾಗಿ ಒಂದೇ ಕಡೆ. ಯಂತ್ರದ ಗೋಲಿಗೆ ಇದು ಇರುವುದಿಲ್ಲ. ಆದರೆ ನಾನೂ ಕೈಕೆಲಸದ ಕೂಸೇ ಅಲ್ಲವೇ, ನನಗೂ ಇದೆ. ಗುರುತಿದ್ದರೆ ಕೈಯಲ್ಲಿ ಮಾಡಿದ್ದು ಅಂತ ಅರ್ಥ, ಹಳೆಯದು ಅಂತಲ್ಲ. ಈ ಒಂದು ಮಾತು ಎಲ್ಲರ ತಲೆಗೆ ಹೋಗಿದ್ದರೆ ಈ ಹೋಟೆಲಿನ ಅರ್ಧ ಕೋಣೆಗಳು ಖಾಲಿ ಇರುತ್ತಿದ್ದವು.

ಪ್ರ: ನೂರು ವರ್ಷ ದಾಟಿದ ಗೋಲಿಯ ಮೈಮೇಲೆ ಏಟಿನ ಗಾಯ ಇರಬೇಕಲ್ಲ? ತಮ್ಮ ಮೈಯಲ್ಲಿ ಒಂದೂ ಕಾಣುತ್ತಿಲ್ಲ.

ಗೋಲಿ: ಬನ್ನಿ, ವಿಷಯಕ್ಕೆ ಬಂದಿರಿ. ಆ ಕಿಟಕಿಯ ಹತ್ತಿರ ಪ್ಲಾಸ್ಟಿಕ್ ಡಬ್ಬಿ ಇದೆ ನೋಡಿ. ಅದರೊಳಗೆ ಬಿದ್ದುಕೊಂಡಿರುವ ಮುದುಕ ನಿಜಕ್ಕೂ ಲೌಷಾದವನು. ಒಳಗೆ ಹಳದಿ ಎಳೆಯ ಬಲೆ, ಹೊರಗೆ ಕೆಂಪು ನೀಲಿ ಪಟ್ಟೆ. ಮೈತುಂಬ ಅರ್ಧಚಂದ್ರದ ಏಟುಗಳು. ಸಂಗ್ರಾಹಕರ ಭಾಷೆಯಲ್ಲೂ ಅದಕ್ಕೆ ಚಂದ್ರ ಅಂತಲೇ ಹೆಸರು. ಇವರು ಗೋಲಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ಒಂಬತ್ತು ದಾಟಿದರೆ ಮಿಂಟ್, ಎಂಟರ ಮೇಲೆ ಮಿಂಟಿಗೆ ಹತ್ತಿರ, ಏಳರ ಮೇಲೆ ಉತ್ತಮ. ಅದಕ್ಕೂ ಕೆಳಗೆ ಬಿದ್ದವರಿಗೆ ‘ಸಂಗ್ರಹಯೋಗ್ಯ’ ಅನ್ನುವ ದರ್ಜೆ. ಯಾರೂ ಸಂಗ್ರಹಿಸದ ಗುಂಪಿಗೆ ಸಂಗ್ರಹಯೋಗ್ಯ ಅಂತ ಹೆಸರಿಟ್ಟವರ ಹಾಸ್ಯಪ್ರಜ್ಞೆ ದೊಡ್ಡದು. ನಿಮ್ಮಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಅಂತ ಅರ್ಜಿಯ ಮೇಲೆ ಷರಾ ಬರೆಯುವವರೇ ಇದನ್ನೂ ಬರೆದಿರಬೇಕು.

ಪ್ರ: ಮುದುಕ ಮಾಡಿದ ತಪ್ಪಾದರೂ ಏನು?

ಗೋಲಿ: ಆಡಿದ. ಯಾವುದೋ ಹುಡುಗನ ಚಡ್ಡಿಜೇಬು ಸೇರಿದ, ಮಣ್ಣಿನ ಕುಳಿಗೆ ಉರುಳಿದ, ಇನ್ನೊಬ್ಬನ ಗೋಲಿಗೆ ಟಣ್ ಅಂತ ಬಡಿದ. ಯಾವ ಕೆಲಸಕ್ಕೆ ಹುಟ್ಟಿದನೋ ಅದನ್ನು ಪ್ರಾಮಾಣಿಕವಾಗಿ ಮಾಡಿದ, ಹಾಗಾಗಿ ಅಂಕ ಕಳೆದುಕೊಂಡ. ಇವರಿಗೆ ಬೇಕಾದದ್ದು ಒಂದೂಕಾಲು ಶತಮಾನ ಹಳೆಯ, ಆದರೆ ಮಗು ಬೆರಳಲ್ಲಿ ಮುಟ್ಟದ ಆಟಿಕೆ. ಅಂಥವು ಎಷ್ಟಿದ್ದಾವು? ಅಂಗಡಿಯ ಅಟ್ಟದಲ್ಲಿ ಮಾರಾಟವಾಗದೆ ಉಳಿದ ನಾಲ್ಕಾರು ಪೆಟ್ಟಿಗೆ. ಇಷ್ಟು ಜನರ ಆಸೆಗೆ ಅದು ಎಲ್ಲಿ ಸಾಕಾಗಬೇಕು? ಅದಕ್ಕೆ ನಾವು ಬೇಕಾದೆವು.

ಪ್ರ: ಗಾಯವನ್ನು ಸಾಣೆ ಹಿಡಿದು ತೆಗೆಯಬಹುದಲ್ಲ?

ಗೋಲಿ: ಧಾರಾಳವಾಗಿ. ಮುದುಕನ ಅಣ್ಣನಿಗೆ ಹಾಗೇ ಮಾಡಿದರು. ಗಾಯದ ಜತೆಗೆ ಪಾಂಟಿಲ್ ಗುರುತೂ ಹೋಯಿತು, ಕುಲುಮೆಯಿಂದ ಬಂದಾಗಿನ ಮೈಯ ಸಣ್ಣ ಸುಕ್ಕೂ ಹೋಯಿತು. ಸಾಣೆ ಹಿಡಿದದ್ದು ಅಂತ ಹೇಳಿ ಮಾರಿದರೆ ಬೆಲೆ ಪಾತಾಳಕ್ಕೆ, ಹೇಳದೆ ಮಾರಿದರೆ ಮಿಂಟ್. ಇನ್ನು ಕೆಲವರು ಕುಲುಮೆಯಲ್ಲಿ ಮತ್ತೆ ಕಾಯಿಸಿ ಮೈ ಕರಗಿಸಿ ನಯ ಮಾಡುತ್ತಾರೆ. ಇದಕ್ಕೆ ತದ್ವಿರುದ್ಧದವರೂ ಇದ್ದಾರೆ. ಹೊಸ ಗೋಲಿಯನ್ನು ಮರಳಿನ ಜತೆ ಉರುಳಿಸಿ ಹಳತು ಮಾಡುವವರು. ಅಂಥವನ್ನು ಹಿಡಿಯುವುದು ಸುಲಭ, ಮೈಯೆಲ್ಲ ಒಂದೇ ಸಮ ಮಂಕಾಗಿರುತ್ತದೆ. ಮಕ್ಕಳು ಯಾವತ್ತಾದರೂ ಸಮನಾಗಿ ಹೊಡೆದದ್ದುಂಟೇ? ಒಂದು ಕಡೆ ಐದು ಏಟು, ಇನ್ನೊಂದು ಕಡೆ ಹೊಳಪು ಹಾಗೇ.

ಪ್ರ: ಯಂತ್ರದ ಗೋಲಿಗಳ ಲೋಕ ಇದಕ್ಕಿಂತ ಶುದ್ಧವೇ?

ಗೋಲಿ: (ನಗು) ಇದೇ ಓಹಾಯೊದ ಆಕ್ರನ್ ಊರಿನಲ್ಲಿ ಮಾರ್ಟಿನ್ ಫ್ರೆಡರಿಕ್ ಕ್ರಿಸ್ಟೆನ್ಸೆನ್ ಎಂಬವರು ಗಾಜಿನ ಗೋಲಿಯನ್ನು ದುಂಡಗೆ ಉರುಳಿಸುವ ಯಂತ್ರ ಕಂಡುಹಿಡಿದು 1905ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಮೊದಲ ಮಹಾಯುದ್ಧ ಬಂತು, ಜರ್ಮನ್ ಗೋಲಿಗಳ ಹಡಗು ನಿಂತಿತು, ಅಮೆರಿಕದ ಯಂತ್ರಗಳಿಗೆ ಸುಗ್ಗಿ. ಅಷ್ಟರಲ್ಲಿ 1911ರಲ್ಲಿ ಆಕ್ರೋ ಆಗೇಟ್ ಎಂಬ ಕಂಪನಿ ಹುಟ್ಟಿತ್ತು. ಶುರುವಿನಲ್ಲಿ ಅದು ಮಾಡುತ್ತಿದ್ದದ್ದು ಏನು ಗೊತ್ತೇ? ಕ್ರಿಸ್ಟೆನ್ಸೆನ್ ಅವರ ಗೋಲಿಗಳನ್ನೇ ಕೊಂಡು ತನ್ನ ಪೆಟ್ಟಿಗೆಯಲ್ಲಿ ತುಂಬಿ ಮಾರುವುದು. ಕ್ರಿಸ್ಟೆನ್ಸೆನ್ ಕಂಪನಿಯ ಲೆಕ್ಕಪತ್ರ ನೋಡುತ್ತಿದ್ದ ಹೊರೇಸ್ ಹಿಲ್ ಎಂಬಾತ ಯಂತ್ರದ ಗುಟ್ಟು ಹಿಡಿದುಕೊಂಡು ಆಕ್ರೋ ಕಡೆ ಹೋದ. ಹಳೆ ಧಣಿಯ ದುಡ್ಡು ಲಪಟಾಯಿಸಿದ್ದಕ್ಕೆ ಕೋರ್ಟು ಕಟ್ಟೆಯನ್ನೂ ಹತ್ತಿದ. 1914ರಲ್ಲಿ ಆಕ್ರೋ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗಿಗೆ ಹೋಗಿ ದೇಶದ ದೊಡ್ಡ ಗೋಲಿ ಕಂಪನಿಯಾಯಿತು, 1951ರಲ್ಲಿ ಬಾಗಿಲು ಹಾಕಿತು. ಈಗ ಅದರ ಗೋಲಿ ಅಸಲಿಯೋ ನಕಲಿಯೋ ಅಂತ ಜನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ.

ಇನ್ನೊಂದು ಕೇಳಿ. ಇದೇ ಓಹಾಯೊ ರಾಜ್ಯದಲ್ಲಿ 1920ರ ದಶಕದಲ್ಲಿ ಕ್ರಿಸ್ಟೆನ್ಸೆನ್ ಆಗೇಟ್ ಅಂತ ಬೇರೊಂದು ಕಂಪನಿ ಬಂತು. ಅದಕ್ಕೂ ಮೂಲ ಕ್ರಿಸ್ಟೆನ್ಸೆನ್ ಅವರಿಗೂ ಸಂಬಂಧವಿಲ್ಲ, ಹೆಸರು ಮಾತ್ರ. ಅವರು ಮಾಡಿದ ಗಿನಿ ಎಂಬ ಗೋಲಿ, ಗಾಜಿನ ಮೈಮೇಲೆ ಗಿನಿಕೋಳಿಯ ಹಾಗೆ ಬಣ್ಣದ ಚುಕ್ಕೆ ಚಿಮುಕಿಸಿದ್ದು, ಈಗ ಸಂಗ್ರಾಹಕರ ಕನಸು. ಕನಸು ಅಂದ ಮೇಲೆ ನಕಲು ಇರಲೇಬೇಕು, ಇದೆ. ಹೆಸರು ಎರವಲು ತಂದವರ ಗೋಲಿಗೆ ನಕಲಿಗಳ ಕಾಟ ಅಂತ ಇವರು ಕಣ್ಣೀರು ಹಾಕುವಾಗ ನನ್ನ ಸಿಂಹಕ್ಕೂ ನಗು ತಡೆಯುವುದಿಲ್ಲ.

ಪ್ರ: ಕಾರ್ಟೂನ್ ಚಿತ್ರದ ಗೋಲಿಗಳೂ ಇದ್ದವಂತೆ?

ಗೋಲಿ: ಇಲಿನಾಯ್ ರಾಜ್ಯದ ಒಟಾವಾದ ಪೆಲ್ಟಿಯರ್ ಕಂಪನಿಯವು. ಬೆಟ್ಟಿ ಬೂಪ್ ಮೊದಲಾದ ಕಾರ್ಟೂನ್ ಪಾತ್ರಗಳು, ಒಟ್ಟು ಹನ್ನೆರಡು ಮುಖ. ಅಸಲಿಯಲ್ಲಿ ಚಿತ್ರ ಶಾಖಕ್ಕೆ ಗಾಜಿನಲ್ಲೇ ಬೆಸೆದುಕೊಂಡಿರುತ್ತದೆ. ನಕಲಿಯಲ್ಲಿ ಮೇಲೆ ಅಂಟಿಸಿದ್ದು, ಉಗುರಿಗೆ ಅಂಚು ತಾಗುತ್ತದೆ. ಹಳೆಯ ಪೆಟ್ಟಿಗೆಗಳನ್ನೂ ಹೊಸದಾಗಿ ಅಚ್ಚು ಹಾಕುತ್ತಾರೆ. ಅತಿನೇರಳೆ ದೀಪ ಹಿಡಿದರೆ ಈಚಿನ ಕಾಗದ ನೀಲಿಬಿಳುಪಾಗಿ ಬೆಳಗುವುದುಂಟು, ಅದಕ್ಕೆ ಬಿಳುಪಿನ ರಾಸಾಯನಿಕ ಸೇರಿಸಿರುತ್ತಾರೆ. ಗೋಲಿಗೆ ಅದೇ ದೀಪ ಹಿಡಿದು ಹಸಿರು ಹೊಳೆಯಿತು, ಯುರೇನಿಯಂ ಗಾಜು, ಹಾಗಾಗಿ ಹಳೆಯದು ಅಂತ ಕುಣಿಯುವವರಿಗೆ ಮಾತ್ರ ನಾನೇನೂ ಹೇಳುವುದಿಲ್ಲ. ಯುರೇನಿಯಂ ಗಾಜನ್ನು ಈಗಲೂ ಮಾಡುತ್ತಾರೆ.

ಪ್ರ: ಈ ಮಂಚದ ಮೇಲೆ ನಮ್ಮ ದೇಶದವರು ಯಾರಾದರೂ ಇದ್ದಾರೆಯೇ?

ಗೋಲಿ: ಮೂರನೆಯ ಸಾಲಿನ ಕಂದು ಪಟ್ಟೆಯ ಕಲ್ಲಿನ ಗೋಲಿ. ಚೀಟಿಯಲ್ಲಿ ಜರ್ಮನಿಯ ಈಡಾರ್-ಓಬರ್‌ಸ್ಟೈನ್ ಅಂತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಕುಶಲಿಗಳು ಆಗೇಟ್ ಕಲ್ಲನ್ನು ದೊಡ್ಡ ಮರಳುಗಲ್ಲಿನ ಚಕ್ರಕ್ಕೆ ಒತ್ತಿ ಒತ್ತಿ ಉರುಟು ಮಾಡುತ್ತಿದ್ದರು. ಬೆಳಕಿಗೆ ವಾಲಿಸಿದರೆ ಆ ಒತ್ತಿದ ಸಣ್ಣ ಸಣ್ಣ ಮುಖಗಳು ಕಾಣುತ್ತವೆ. ಇವನ ಮೈಯಲ್ಲಿ ಒಂದೂ ಇಲ್ಲ, ಎಣ್ಣೆಯಲ್ಲಿ ಅದ್ದಿದಷ್ಟು ನುಣುಪು. ಗುಜರಾತಿನ ಖಂಭಾತದವನು. ಅಲ್ಲಿ ಅವನನ್ನು ಉಜ್ಜಿದವರು ಯಾರಿಗೂ ಸುಳ್ಳು ಹೇಳಲಿಲ್ಲ, ಆಗೇಟ್ ಅಂತ ಮಾರಿದರು, ಆಗೇಟ್ ನಿಜವೇ. ಕಡಲು ದಾಟಿದ ಮೇಲೆ ಯಾರೋ ಅವನಿಗೆ ಜರ್ಮನ್ ಪೌರತ್ವ ಕೊಡಿಸಿದರು. ನಿಮ್ಮವರು ಎಷ್ಟು ವರ್ಷ ಕ್ಯೂ ನಿಂತರೂ ಸಿಗದ್ದು ಅವನಿಗೆ ಒಂದು ಚೀಟಿಯಲ್ಲಿ ಸಿಕ್ಕಿತು.

ಪ್ರ: ನಮ್ಮ ಕಡೆ ಗೋಲಿ ಸೋಡಾದ ಬಾಟಲಿ ಒಡೆದು ಗೋಲಿ ತೆಗೆಯುವ ಹುಡುಗರಿದ್ದರು.

ಗೋಲಿ: ಇಂಗ್ಲೆಂಡಿನಲ್ಲೂ ಇದ್ದರು. ಹಿರಮ್ ಕಾಡ್ 1870ರ ದಶಕದಲ್ಲಿ ಪೇಟೆಂಟ್ ಪಡೆದ ಬಾಟಲಿ ಅಲ್ಲವೇ ಅದು? ಅಲ್ಲಿಯ ಹಳೆ ಬಾಟಲಿ ಸಂಗ್ರಾಹಕರು ಇವತ್ತಿಗೂ ಆ ಹುಡುಗರನ್ನು ಬೈಯುತ್ತಾರೆ. ಆ ಹುಡುಗರು ಒಡೆಯದೆ ಬಿಟ್ಟಿದ್ದರೆ ಬಾಟಲಿಗಳು ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತಿದ್ದವು, ಇವರು ತಿರುಗಿಯೂ ನೋಡುತ್ತಿರಲಿಲ್ಲ.

ಪ್ರ: ತಮ್ಮನ್ನು ಇಷ್ಟು ವರ್ಷದಲ್ಲಿ ಯಾರೂ ಹಿಡಿಯಲೇ ಇಲ್ಲವೇ?

ಗೋಲಿ: ಒಬ್ಬರು ಹಿಡಿದರು. ದೊಡ್ಡ ಪರಿಣತರು. ಭೂತಗನ್ನಡಿಯಲ್ಲಿ ಅಡಿಯ ಸಾಣೆಯ ಜಾಗ ನೋಡಿದರು, ಸಿಂಹದ ಹಲ್ಲು ನೋಡಿದರು, ಸಣ್ಣಗೆ ನಕ್ಕು, ನನ್ನನ್ನು ಮಾಡಿದವರ ಹೆಸರನ್ನೇ ಗುನುಗಿದರು. ನನಗೆ ಎದೆ ಧಸಕ್ಕೆಂದಿತು.

ಪ್ರ: ಎಲ್ಲರೆದುರು ಬಯಲು ಮಾಡಿದರೇ?

ಗೋಲಿ: ಚೌಕಾಸಿ ಮಾಡಿ ಅಗ್ಗಕ್ಕೆ ಕೊಂಡರು. ಅಗೋ, ಆ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾರಲ್ಲ, ಅವರೇ. ಚೀಟಿಯ ಮೇಲಿನ ಅಕ್ಷರವೂ ಅವರದ್ದೇ.

ಪ್ರ: ಹಾಗಾದರೆ ಈ ಮೇಳದಲ್ಲಿ ತಮಗೆ ಒಳ್ಳೆಯ ಬೆಲೆ ಬರಬಹುದು.

ಗೋಲಿ: ಅದೇ ಈಗ ತಲೆನೋವಾಗಿರುವುದು. ಕಾಲ ಬದಲಾಗಿದೆ ಸ್ವಾಮಿ. ಆಗ ಹೊಸ ಗೋಲಿ ಮಾಡುತ್ತಿದ್ದ ಕಲಾವಿದರಿಗೇ ಈಗ ಪ್ರತ್ಯೇಕ ಸಂಗ್ರಾಹಕರು ಹುಟ್ಟಿಕೊಂಡಿದ್ದಾರೆ. ನನ್ನನ್ನು ಮಾಡಿದವರ ಸಹಿ, ಇಸವಿ ಇರುವ ಗೋಲಿಗೆ ಎದುರಿನ ಕೋಣೆಯಲ್ಲಿ ನನ್ನ ಚೀಟಿಗಿಂತ ಹೆಚ್ಚಿನ ಬೆಲೆ. ಧಣಿಗಳು ಬೆಳಗ್ಗೆಯಿಂದ ಮೂರು ಸಲ ಹೋಗಿ ನೋಡಿ ಬಂದಿದ್ದಾರೆ. ನಿನ್ನೆ ರಾತ್ರಿ ಫೋನಿನಲ್ಲಿ ಯಾರನ್ನೋ ಕೇಳುತ್ತಿದ್ದರು: ಆ ಸಹಿಯನ್ನು ಇದ್ದ ಜಾಗದಲ್ಲೇ, ಇದ್ದ ಹಾಗೇ ಮತ್ತೆ ಕೊರೆದುಕೊಡುವವರು ಯಾರಾದರೂ ಗೊತ್ತಿದ್ದಾರಾ ಅಂತ.