ಅನುದಾನ ಮೀಮಾಂಸೆ ಅಥವಾ ಶಾಮಿಯಾನ ದರ್ಶನ

ಶಾಸ್ತ್ರಗ್ರಂಥವಾದ್ದರಿಂದ ವ್ಯುತ್ಪತ್ತಿಯಿಂದಲೇ ತೊಡಗಬೇಕು. 'ದಾನ' ಎಲ್ಲರಿಗೂ ಗೊತ್ತು. 'ಅನು' ಎಂಬ ಉಪಸರ್ಗಕ್ಕೆ ಹಿಂದೆ, ಆಮೇಲೆ ಎಂಬ ಅರ್ಥವುಂಟು. ಅನುಜ, ಅನುಚರ ನೋಡಿ. ಆದ್ದರಿಂದ ಅನುದಾನವೆಂದರೆ ಆಮೇಲೆ ಬರುವ ದಾನ. ಎಷ್ಟು ಆಮೇಲೆ ಎಂಬುದನ್ನು ಪಾಣಿನಿ ಹೇಳಲಿಲ್ಲ; ಅವನ ಕಾಲದಲ್ಲಿ ಮಾರ್ಚ್ 31 ಇರಲಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಭಜನಾ ಮಂಡಳಿ, ಯುವಕ ಸಂಘ, ವೀರಗಾಸೆ ಮೇಳ, ಮಹಿಳಾ ಸಮಾಜಗಳ ಕಾರ್ಯದರ್ಶಿಗಳು ಮಾತ್ರ ವ್ಯಾಕರಣ ಓದದೆಯೇ ಈ ಸೂತ್ರ ಬಲ್ಲವರು.

ಇನ್ನು ಇತಿಹಾಸ. ಈ ಪ್ರಾಂತ್ಯದ ಅತಿ ಹಳೆಯ ಕಾಮಗಾರಿ ಫಲಕ ಚಂದ್ರವಳ್ಳಿಯಲ್ಲಿದೆ. ಕದಂಬರ ಮಯೂರಶರ್ಮ ಸುಮಾರು ನಾಲ್ಕನೇ ಶತಮಾನದಲ್ಲಿ ಕೆರೆ ಕೆಲಸ ಮಾಡಿಸಿ, ಪ್ರಾಕೃತದಲ್ಲಿ ಬಂಡೆಯ ಮೇಲೆ ಬರೆಸಿದ. ತಾನು ಯಾರ್‍ಯಾರನ್ನು ಗೆದ್ದೆ ಎಂಬ ಪಟ್ಟಿ ಅದರಲ್ಲಿದೆ; ಅಂದಾಜು ಮೊತ್ತವಿಲ್ಲ, ಗುತ್ತಿಗೆದಾರನ ಹೆಸರಿಲ್ಲ, ಹಣ ಬಳಕೆ ಪ್ರಮಾಣಪತ್ರದ ಸುಳಿವೂ ಇಲ್ಲ. ಈಗಿನ ಲೆಕ್ಕ ಪರಿಶೋಧಕರಾದರೆ ಪಲ್ಲವರಿಂದ ಸೋಲಿನ ರಸೀದಿ ತರಿಸಿ ಎನ್ನುತ್ತಿದ್ದರು. ಅದೇ ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮನ್ ನಾಣ್ಯಗಳೂ ಸಿಕ್ಕಿವೆ. ಈಗಿನ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಬಂದದ್ದು 2010ರಲ್ಲಿ. ಅಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕೆಂಬ ತಿದ್ದುಪಡಿ 2020ರದ್ದು. ನಮ್ಮ ಪೂರ್ವಿಕರು ಖಾತೆ ತೆರೆಯದೆ ನೇರವಾಗಿ ಹೂತಿಟ್ಟದ್ದು ಯಾಕೆ ಎಂಬುದಕ್ಕೆ ಪುರಾತತ್ತ್ವಜ್ಞರು ಕೊಡುವ ಕಾರಣಗಳಿಗಿಂತ ಇದು ಸರಳವಾಗಿದೆ.

'ಕಡತ'ದ ವಿಚಾರ ಇನ್ನೂ ಸ್ವಾರಸ್ಯ. ಹಿಂದೆ ಕಡತವೆಂದರೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು ಮಡಚಿಟ್ಟ ಬಟ್ಟೆ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಬಟ್ಟೆ ಹೋಗಿ ಕಾಗದ ಬಂತು, ಕಾಗದ ಹೋಗಿ ಸೇವಾ ಸಿಂಧು ಬಂತು. ಒರೆಸುವ ಗುಣವೊಂದು ಉಳಿದುಕೊಂಡಿದೆ. ಸಂಕ್ರಾಂತಿಯಲ್ಲಿ ಪಟ್ಟಿಯಲ್ಲಿದ್ದ ಮಂಡಳಿ ಯುಗಾದಿಗೆ ಕಾಣುವುದಿಲ್ಲ. ಅಂಟಿನ ಗುಣವೂ ಇಲ್ಲವೆನ್ನಲಾಗದು. ಕೆಲವು ಅರ್ಜಿಗಳು ಮೇಜಿಗೆ ಹಾಗೇ ಅಂಟಿಕೊಂಡಿವೆ.

ಅನುದಾನದ ಅರ್ಹತೆಯನ್ನು ನ್ಯಾಯಶಾಸ್ತ್ರದ ನಾಲ್ಕು ಪ್ರಮಾಣಗಳಿಂದ ನಿರ್ಣಯಿಸುತ್ತಾರೆ. ಪ್ರತ್ಯಕ್ಷವೆಂದರೆ ಕಾರ್ಯಕ್ರಮದ ಫೋಟೊ, ಅದರಲ್ಲಿ ಬ್ಯಾನರ್ ಪೂರ್ತಿ ಕಾಣಬೇಕು, ಜನ ಕಂಡರೆ ಅಡ್ಡಿಯಿಲ್ಲ. ಅನುಮಾನವೆಂದರೆ ಆ ಫೋಟೊ ನೋಡಿದ ಅಧಿಕಾರಿಗೆ ಹುಟ್ಟುವುದು. ಹೋದ ವರ್ಷ ಪಕ್ಕದೂರಿನವರಿಗೆ ಎಷ್ಟು ಕೊಟ್ಟರು ಎಂಬುದು ಉಪಮಾನ. ಶಬ್ದಪ್ರಮಾಣವೆಂದರೆ ಶಾಸಕರ ಪತ್ರ. ಇದೊಂದಿದ್ದರೆ ಉಳಿದ ಮೂರು ಬೇಡ ಎನ್ನುವ ಪಂಥವೂ ಇದೆ. ಇವುಗಳ ಜೊತೆಗೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ವರ್ಷವರ್ಷವೂ ನವೀಕರಣ, ಲೆಕ್ಕ ಪರಿಶೋಧನಾ ವರದಿ, ಕ್ರಿಯಾಯೋಜನೆ. ವರ್ಷಕ್ಕೆ ಇಪ್ಪತ್ತು ಸಾವಿರ ರೂಪಾಯಿ ವಹಿವಾಟು ಕಾಣದ ಸೋಬಾನೆ ತಂಡದ ಅಜ್ಜಿಯರು ಆಡಿಟರಿಗೆ ಫೀಸು ಹೊಂದಿಸಲು ಎರಡು ಮದುವೆಯಲ್ಲಿ ಹಾಡುವುದನ್ನು ನಾನು ಕಂಡಿದ್ದೇನೆ. ಪದ ಮರೆಯಬಹುದು, ಪ್ಯಾನ್ ನಂಬರ್ ಮರೆಯುವಂತಿಲ್ಲ.

ಕಡಿತವೆಂಬುದು ಈ ಶಾಸ್ತ್ರದ ಅತ್ಯಂತ ಗಹನ ತತ್ತ್ವ. ರಾಜ್ಯ ಬಜೆಟ್ಟಿನ ಗಾತ್ರ 2023ರ ಜುಲೈಯಲ್ಲಿ 3,27,747 ಕೋಟಿ ಇದ್ದದ್ದು 2025-26ಕ್ಕೆ 4,09,549 ಕೋಟಿ ಆಯಿತು. ಇಷ್ಟಾದರೂ 'ಈ ಸಲ ಫಂಡ್ ಇಲ್ಲ ಕಣ್ರೀ' ಎಂಬ ವಾಕ್ಯದ ಬಳಕೆ ಒಂದಿಷ್ಟೂ ತಗ್ಗಿಲ್ಲ. ಹಣ ಬೆಳೆದಂತೆ ಇಲ್ಲವೆನ್ನುವುದೂ ಬೆಳೆಯುತ್ತದೆ. ಇದನ್ನು ಅದ್ವೈತಿಗಳು ಮಾಯೆ ಎನ್ನುವರು, ಹಣಕಾಸು ಇಲಾಖೆಯವರು ಮಿತವ್ಯಯ ಎನ್ನುವರು. ಸರ್ಕಾರ ಏನೂ ಕೊಡಲೇ ಇಲ್ಲ ಎಂದರೆ ತಪ್ಪಾದೀತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳಾ ಸಮಾಜದವರು ಹೊಸದುರ್ಗದಿಂದ ಜಿಲ್ಲಾ ಕೇಂದ್ರಕ್ಕೆ ಪುಕ್ಕಟೆ ಬಸ್ಸಿನಲ್ಲಿ ಹೋಗಿ, 'ಇಲ್ಲ' ಎನ್ನಿಸಿಕೊಂಡು, ಪುಕ್ಕಟೆಯಾಗಿಯೇ ಹಿಂದಿರುಗಬಹುದು. ಮೊದಲು ಈ ಉತ್ತರಕ್ಕೆ ಟಿಕೆಟ್ ಕೊಳ್ಳಬೇಕಿತ್ತು.

ಕಾಲಮಾನಕ್ಕೆ ನಾನು ಹಿಂದೆ 'ಮಾರಿಕಣಿವೆ' ಎಂಬ ಏಕಮಾನವನ್ನು ಸೂಚಿಸಿದ್ದೆ. ಹಿರಿಯೂರಿನ ಬಳಿಯ ಆ ಜಲಾಶಯ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಹೀಗೆ ಒಂದು ಮಾರಿಕಣಿವೆ ಎಂದರೆ 89 ವರ್ಷ. ಎರಡನೇ ಕಂತಿಗೆ ಒಪ್ಪುವ ಅಳತೆ. ಆದರೆ 2025ರ ಜನವರಿಯಲ್ಲಿ ಅದು ಮತ್ತೆ ಕೋಡಿ ಬಿದ್ದು ನನ್ನ ಸಂಶೋಧನೆಯನ್ನು ಹಾಳುಮಾಡಿತು. ಮಳೆಗೆ ಶಿಸ್ತಿಲ್ಲ. ಖಜಾನೆ ಮಾತ್ರ ಹಳೆಯ ಮಾನವನ್ನೇ ನಿಷ್ಠೆಯಿಂದ ಪಾಲಿಸುತ್ತಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆಂದು ಘೋಷಣೆಯಾದ 5,300 ಕೋಟಿಗೆ ಇಡೀ ಜಿಲ್ಲೆಯೇ ದಾರಿ ಕಾದದ್ದನ್ನು ಕಂಡವರು ತಮ್ಮ ಐವತ್ತು ಸಾವಿರಕ್ಕೆ ಅತ್ತರೆ ಊರವರು ನಗುತ್ತಾರೆ.

ಈಗ ಪೂರ್ವಪಕ್ಷ. 'ಸಂಘ ಕಟ್ಟುವವರಿಗೆ ಸರ್ಕಾರದ ದುಡ್ಡು ಯಾಕೆ ಬೇಕು? ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯನ್ನು ನೋಡಿ' ಎನ್ನುತ್ತಾರೆ. ನೋಡಿದ್ದೇವೆ. ರಾಘವೇಂದ್ರ ಸ್ವಾಮೀಜಿ ಅಲ್ಲಿ 1943ರಲ್ಲಿ ಅನಾಥ ಸೇವಾಶ್ರಮ ಕಟ್ಟಿದರು, ಜೋಳಿಗೆ ಹಿಡಿದು ಬೇಡಿ ಬೆಳೆಸಿದರು, 'ತಿರುಕ' ಎಂದೇ ಕಾವ್ಯನಾಮ ಇಟ್ಟುಕೊಂಡರು. ತಮ್ಮ ಪುಸ್ತಕಕ್ಕೆ 'ಜೋಳಿಗೆಯ ಪವಾಡ' ಎಂದು ಹೆಸರಿಟ್ಟರು. ಪವಾಡ ಎಂದು ಅವರೇ ಕರೆದದ್ದನ್ನು ಪದ್ಧತಿ ಎಂದು ಬಗೆಯುವುದು ತರ್ಕದೋಷ. ಇನ್ನೂ ಒಂದು ಮಾತು: ಜೋಳಿಗೆಯ ಮಹಿಮೆ ಕೊಂಡಾಡುವವರೆಲ್ಲ ತಿಂಗಳ ಮೊದಲ ತಾರೀಖು ಸಂಬಳ ಎಣಿಸುವವರೇ ಆಗಿರುವುದು ನನ್ನ ಕ್ಷೇತ್ರಕಾರ್ಯದಲ್ಲಿ ಕಂಡ ಸಂಗತಿ. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ನಾಡೆಲ್ಲ ತಿರುಗಿ ನಾಟಕವಾಡುತ್ತಿದೆಯಲ್ಲ ಎಂದರೆ, ಅದರ ಬೆನ್ನಿಗೆ ಮಠವಿದೆ, ಸ್ವಾಮೀಜಿಯ ಹಟವಿದೆ. ಮಠವೂ ಇಲ್ಲದ, ತಿರುಕನೂ ಇಲ್ಲದ ಭಜನಾ ಮಂಡಳಿಗೆ ಯಾರಿದ್ದಾರೆ?

ಶಾಮಿಯಾನದವನು ಇದ್ದಾನೆ. ಇದೇ ಸಿದ್ಧಾಂತ. ಅನುದಾನ ಆಮೇಲೆ ಬರುವುದರಿಂದ, ಕಾರ್ಯಕ್ರಮ ಮೊದಲೇ ಆಗಬೇಕಾದ್ದರಿಂದ, ನಡುವಿನ ಕಾಲವನ್ನು ಯಾರಾದರೂ ಹೊರಲೇಬೇಕು. ಕುರ್ಚಿ, ಮೈಕು, ಸೀರಿಯಲ್ ಸೆಟ್ಟು ಕೊಟ್ಟು 'ಗ್ರ್ಯಾಂಟ್ ಬಂದಾಗ ಕೊಡಿ' ಎನ್ನುವ ಅವನೂ, ಉಪ್ಪಿಟ್ಟಿನ ರವೆ ಕಡ ಕೊಟ್ಟ ಅಂಗಡಿ ಶೆಟ್ಟರೂ ಈ ಸೀಮೆಯ ನಿಜವಾದ ಸಂಸ್ಕೃತಿ ಇಲಾಖೆ. ಅವರ ಬಳಿ ಮಾರ್ಗಸೂಚಿ ಇಲ್ಲ. ಒಂದು ನೋಟ್‌ಬುಕ್ ಇದೆ.

ನಿದರ್ಶನ ಒಂದೇ ಸಾಕು. ಒಂದು ಹಳ್ಳಿಯ ಮಂಡಳಿಗೆ ಎರಡು ವರ್ಷದ ಹಿಂದಿನ ಜಾನಪದೋತ್ಸವದ ಹಣ ಅರ್ಧಕ್ಕೆ ಇಳಿದು ಮಂಜೂರಾಯಿತು. ಹಳೆಯ ಫೋಟೊದಲ್ಲಿ ಪ್ರಾಯೋಜಕತ್ವದ ಸಾಲು ಕಾಣುವುದಿಲ್ಲ, ಹೊಸದು ಲಗತ್ತಿಸಿ ಎಂದು ಕಚೇರಿಯೊಂದರಿಂದ ಸೂಚನೆ ಬಂತು. ಕಾರ್ಯದರ್ಶಿ ಮೇಷ್ಟ್ರು ಬ್ಯಾನರ್ ಬರೆಸಿದರು, ವೀರಗಾಸೆಯವರಿಗೆ ಮತ್ತೆ ವೇಷ ಕಟ್ಟಿಸಿದರು, ಸುಡುಬಿಸಿಲಲ್ಲಿ ಶಾಮಿಯಾನ ಎದ್ದಿತು. ಫೋಟೊ ತೆಗೆದದ್ದು ನಾಲ್ಕು ನಿಮಿಷ. ಗೂಟ ಕೀಳುತ್ತಾ ಶಾಮಿಯಾನದವನು ಕೇಳಿದ: "ಮೇಷ್ಟ್ರೇ, ಇವತ್ತಿಂದು ಹಳೇ ಬಾಕಿಗೇ ಸೇರಿಸ್ಲಾ, ಇಲ್ಲಾ ಹೊಸ ಹಾಳೇಲಿ ಬರ್ಕೊಳ್ಲಾ?"