ಸೈಟು ನೋಡುವಾತ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮನುಷ್ಯ ಪ್ರಭೇದಗಳಲ್ಲಿ ‘ಸೈಟು ನೋಡುವಾತ’ ಎಂಬುದು ತೀರ ಈಚಿನದಾದರೂ ಬಹುಬೇಗ ವೃದ್ಧಿಸುತ್ತಿರುವಂಥದು. ನಿವೃತ್ತಿಯ ಅಂಚಿನ ನೌಕರನಾಗಿಯೋ, ಒಳ್ಳೆಯ ಫಸಲಿನ ಹಣ ಕೈಸೇರಿದ ಶೇಂಗಾ ವ್ಯಾಪಾರಿಯಾಗಿಯೋ ಕಾಣಿಸಿಕೊಳ್ಳುವ ಈತ, ಭಾನುವಾರ ಬೆಳಿಗ್ಗೆ ದಲ್ಲಾಳಿಯ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಬಯಲಿಗೆ ಹೋಗಿ, ಸುಣ್ಣ ಬಳಿದ ಕಲ್ಲುಗಳ ನಡುವೆ ನಿಂತು, ಪೂರ್ವ ಯಾವ ಕಡೆ ಎಂದು ಗಂಭೀರವಾಗಿ ವಿಚಾರಿಸುತ್ತಾನೆ.

ಈತನನ್ನು ಮುಗ್ಧನೆನ್ನುವುದು ತಪ್ಪಾದೀತು. ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಶೇಂಗಾ ಚೀಲದ ಮುಂದೆ ನಿಂತಾಗ ಈತ ಮೇಲಿನ ಕಾಯಿಯನ್ನು ಎಂದೂ ನಂಬಿದವನಲ್ಲ. ತಳದವರೆಗೆ ತೋಳು ಇಳಿಸಿ, ಹಿಡಿ ಕಾಯಿ ತೆಗೆದು, ಕಿವಿಯ ಬಳಿ ಅಲ್ಲಾಡಿಸಿ, ಒಡೆದು, ಬೀಜ ಜೊಳ್ಳೋ ಗಟ್ಟಿಯೋ ಎಂದು ಹಲ್ಲಿನಿಂದಲೇ ತೀರ್ಪು ಕೊಡುವವನು. ಆ ತೋಳು ಭೂಮಿಯ ವಿಷಯದಲ್ಲಿ ಮಾತ್ರ ಮೊಣಕೈಗಿಂತ ಕೆಳಗಿಳಿಯುವುದಿಲ್ಲ.

ಈತ ಕೇಳುವ ಪ್ರಶ್ನೆಗಳು ಎರಡೇ: ಎರಡು ವರ್ಷಕ್ಕೆ ರೇಟು ಎಷ್ಟಾಗುತ್ತದೆ, ‘ಸೈನ್ಸ್ ಸಿಟಿ’ ಎಷ್ಟು ದೂರ. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾದಂದಿನಿಂದ, ಕುದಾಪುರದ ಸುತ್ತ ಭಾರತೀಯ ವಿಜ್ಞಾನ ಸಂಸ್ಥೆಯಂಥವು ನೆಲೆಯೂರಿದಂದಿನಿಂದ, ಈ ಸೀಮೆಯ ಪ್ರತಿಯೊಂದು ಸೈಟೂ ವಿಜ್ಞಾನಕ್ಕೆ ‘ಹತ್ತೇ ನಿಮಿಷ’ದ ದಾರಿಯಾಗಿದೆ. ಅಲ್ಲಿ ಹಾರುವುದು ಹೆಚ್ಚಾಗಿ ಪೈಲಟ್ ಇಲ್ಲದ ವಿಮಾನ, ಅದರಿಂದ ಯಾರೂ ಇಳಿದು ಬಂದು ಬಾಡಿಗೆಗೆ ಮನೆ ಕೇಳುವುದಿಲ್ಲ ಎಂಬ ಸಂಗತಿ ಮಾತುಕತೆಯಲ್ಲಿ ಬರುವುದಿಲ್ಲ.

ಸರ್ವೆ ನಂಬರನ್ನು ಕೇಳುವುದು ದಲ್ಲಾಳಿಗೆ ಅವಮಾನ ಮಾಡಿದಂತೆ ಎಂದು ಈತ ಭಾವಿಸಿರುತ್ತಾನೆ. ಒತ್ತಾಯಕ್ಕೆ ಪಹಣಿ, ಅಂದರೆ ಜಮೀನಿನ ಹಕ್ಕು, ಗೇಣಿ, ಬೆಳೆಗಳನ್ನು ದಾಖಲಿಸುವ ಕಂದಾಯ ಪತ್ರ, ಕೈಗೆ ಬಂದರೆ 9ನೇ ಕಲಮಿನಲ್ಲಿ ಮಾರುವವನ ಹೆಸರು ಕಂಡು ಸಮಾಧಾನಗೊಂಡು ಮಡಚಿಬಿಡುತ್ತಾನೆ; ಆ ಹೆಸರಿಗೆ ಜಮೀನು ಹೇಗೆ ಬಂತೆಂಬುದನ್ನು 10ನೇ ಕಲಮೂ, ಅದರ ಮೇಲಿನ ಸಾಲ ಮತ್ತು ಇತರ ಹಕ್ಕುಗಳನ್ನು 11ನೇ ಕಲಮೂ ಹೇಳುತ್ತವೆ, ಆದರೆ ಅಷ್ಟರಲ್ಲಿ ಕಾಗದ ಜೇಬು ಸೇರಿರುತ್ತದೆ. ಖರಾಬು ಎಂಬುದೂ ಹೀಗೆಯೇ ಕಣ್ತಪ್ಪುವ ಮಾತು: ಸಾಗುವಳಿಗೆ ಬಾರದ ನೆಲ ‘ಎ’ ಖರಾಬು, ದಾರಿ ಹಳ್ಳಗಳಂತೆ ಸಾರ್ವಜನಿಕರಿಗೆ ಮೀಸಲಾದದ್ದು ‘ಬಿ’ ಖರಾಬು, ಮಳೆಯೇ ಅಪರೂಪವಾದ ಈ ನಾಡಿನಲ್ಲಿ ಹಳ್ಳವು ಬಿಸಿಲಲ್ಲಿ ಮಟ್ಟಸವಾದ ಸೈಟಿನಂತೆಯೇ ಕಾಣುತ್ತದೆ.

ಇದಕ್ಕಿಂತ ಆಳವಾದ ಗುಂಡಿ 1978ರ ಕಾಯ್ದೆಯದು. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರಿದರೆ ಆ ಮಾರಾಟ ಅಸಿಂಧು, ಜಮೀನು ಮೂಲ ಮಂಜೂರಿದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳಬೇಕು ಎನ್ನುವ, ಜನ ‘ಪಿಟಿಸಿಎಲ್’ ಎಂದು ಕರೆಯುವ ಈ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಜಮೀನು ಮರಳಿ ಕೇಳಲು ಕಾಲಮಿತಿಯೇ ಇಲ್ಲವಾಯಿತು. ನಾಯಕರೂ ದಲಿತರೂ ದೊಡ್ಡ ಸಂಖ್ಯೆಯಲ್ಲಿರುವ, ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವ ಸೀಮೆಯಲ್ಲಿ ಮಂಜೂರಾತಿ ಆದೇಶವನ್ನು ಮೊದಲು ಕೇಳಬೇಕಿತ್ತು. ಕೇಳಿದರೆ ದಲ್ಲಾಳಿ ಕನ್ನಡದಿಂದ ತೆಲುಗಿಗೆ ಜಾರುತ್ತಾನೆ. ರಾಯದುರ್ಗದ ಗಡಿಗೆ ಅಂಟಿಕೊಂಡ ಊರಿನಲ್ಲಿ ಅದು ಅಸಹಜವೆಂದು ಯಾರೂ ಹೇಳಲಾರರು.

ಅಮೃತ ಮಹಲ್ ಕಾವಲು, ಎಂದರೆ ಮೈಸೂರು ಅರಸರ ಕಾಲದಿಂದ ರಾಸುಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲು, ಯಾರ ಖಾಸಗಿ ಆಸ್ತಿಯೂ ಅಲ್ಲ. ಕಲ್ಲು ನೆಟ್ಟ ಬಯಲು ಅದರ ಅಂಚಿನೊಳಗಿದೆಯೇ ಹೊರಗಿದೆಯೇ ಎಂಬುದನ್ನು ಹದ್ದುಬಸ್ತು, ಅಂದರೆ ಸರ್ವೆಯವರಿಂದ ಗಡಿ ಅಳೆಯಿಸುವ ಕ್ರಮ, ಖಚಿತಪಡಿಸುತ್ತದೆ, ಶುಲ್ಕವೂ ಹೆಚ್ಚಲ್ಲ. ಅಷ್ಟೂ ಬೇಡವೆಂದರೆ ಪಕ್ಕದಲ್ಲಿ ಕುರಿ ಮೇಯಿಸುತ್ತಿರುವವನನ್ನು ಕೇಳಬಹುದು. ಆದರೆ ಈತ ಅವನ ಕುರಿಗಳನ್ನು ಫೋಟೋದಿಂದ ಆಚೆ ಸರಿಸಲು ಮಾತ್ರ ಕೂಗುತ್ತಾನೆ.

ಋಣಭಾರ ಪತ್ರವೊಂದನ್ನು ಪಡೆದರೆ ಎಲ್ಲ ಮುಗಿಯಿತೆಂದು ನಂಬುವ, ತುಸು ಮುಂದುವರಿದ ಉಪಜಾತಿಯೂ ಉಂಟು. ಆ ಪತ್ರ ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಪಿತ್ರಾರ್ಜಿತದಲ್ಲಿ ಪಾಲು ಕೇಳಬಹುದಾದ ಅಕ್ಕತಂಗಿಯರು ಅದರಲ್ಲಿ ಇರುವುದಿಲ್ಲ, ಮುಂಗಡ ಕೊಟ್ಟ ಮೇಲೆ ಮನೆ ಬಾಗಿಲಲ್ಲಿ ಇರುತ್ತಾರೆ.

ಕೊನೆಗೆ ಈತ ಸಹಿ ಹಾಕುವುದು ಕ್ರಯಪತ್ರಕ್ಕಲ್ಲ, ಜನರಲ್ ಪವರ್ ಆಫ್ ಅಟಾರ್ನಿಗೆ. ಅಂಥ ಅಧಿಕಾರಪತ್ರದಿಂದ ಒಡೆತನ ದಕ್ಕುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಕೃಷಿ ಜಮೀನು ಪರಿವರ್ತನೆಯಾಗಿದೆಯೇ, 500 ಚದರ ಮೀಟರು ಮೀರಿದ ಬಡಾವಣೆಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿಯಿದೆಯೇ ಎಂಬ ಪ್ರಶ್ನೆಗಳು ಅಷ್ಟರಲ್ಲಿ ಹಂಚಿದ ಪೇಡೆಯೊಂದಿಗೆ ಕರಗಿರುತ್ತವೆ.

ಮರುವಾರ ಮಗಳ ಮದುವೆಗೆಂದು ಮೊಳಕಾಲ್ಮೂರಿನ ನೇಕಾರರ ಮನೆಗೆ ಹೋದ ಈತ, ಸೀರೆಯ ಒಡಲಿಗೂ ಅಂಚಿಗೂ ಬೇರೆ ಬಣ್ಣ ಬೆಸೆದ ಕಡೆ ಬೆರಳಾಡಿಸಿ, ಸೆರಗನ್ನು ಮಗುಚಿ ಹಿಂಬದಿಯ ನೇಯ್ಗೆ ನೋಡಿ, ಒಂದೆಳೆ ಕಿತ್ತು ಬೆಂಕಿಗೆ ಹಿಡಿದು, ಸುಟ್ಟ ಕೂದಲಿನ ವಾಸನೆ ಬರುವವರೆಗೂ ಮೂಸಿ, ಮೂರು ಗಂಟೆ ಕಳೆದ ಮೇಲೆ, ‘ಎದಕ್ಕೂ ಇನ್ನೊಂದ್ ಮನೇಲಿ ನೋಡಿ ಬರ್ತೀವಪ್ಪ’ ಎಂದು ಎದ್ದು ನಿಲ್ಲುತ್ತಾನೆ.