ಖುರ್ಚಿಯ ಕಾಲು, ಪ್ಲಾಸ್ಟಿಕ್ಕಿನ ಜಾತಿ

ನಮ್ಮ ನಾಗನೂರದಲ್ಲಿ ಮನೆಯ ಸಾಮಾನಿಗೆ ನಿವೃತ್ತಿ ಇಲ್ಲ, ವರ್ಗಾವಣೆ ಮಾತ್ರ ಇದೆ. ಪಡಸಾಲೆಯಲ್ಲಿ ಬೀಗರನ್ನು ಕೂಡಿಸುತ್ತಿದ್ದ ಪ್ಲಾಸ್ಟಿಕ್ ಖುರ್ಚಿ ಕೈ ಮುರಿದಾಗ ಅಂಗಳಕ್ಕೆ ಇಳಿಯುತ್ತದೆ. ಬೆನ್ನು ಸೀಳಿದಾಗ ಎಮ್ಮೆ ಕಟ್ಟುವಲ್ಲಿಗೆ ಹೋಗುತ್ತದೆ. ಒಂದು ಕಾಲೂ ಹೋಯಿತೆಂದರೆ ನೇರ ಹೊಲಕ್ಕೆ, ಬೋರಿನ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ. ನಡುರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾಯುವ ರೈತನಿಗೆ ಮೂರು ಕಾಲಿನ ಖುರ್ಚಿಗಿಂತ ನಂಬಿಗಸ್ತ ಆಳು ಸಿಗುವುದಿಲ್ಲ. ಜೋಂಪು ಹತ್ತಿತೋ, ಅದೇ ಕೆಡವಿ ಎಬ್ಬಿಸುತ್ತದೆ.

ಈ ವರ್ಗಾವಣೆಗೆ ತಡೆಯಾಜ್ಞೆ ತರಲು ಹೊರಟವರ ಪೈಕಿ ನಾನೂ ಒಬ್ಬ. ಮನೆಯಲ್ಲಿ ಯಾವ ಸಾಮಾನು ಕುಂಟಿದರೂ ಅದಕ್ಕೆ ಬೇಕಾದ ಸಣ್ಣಪುಟ್ಟ ಭಾಗವನ್ನು ನಾನೇ ಮಾಡುತ್ತೇನೆ. ಬೇರೆ ದಾರಿಯೂ ಇಲ್ಲ. ಗೋಕಾಕದಲ್ಲಿ ಹಗುರ ಕಟ್ಟಿಗೆಯಿಂದ ಹಣ್ಣು, ಕಾಯಿಪಲ್ಲೆ ಮಾಡಿ ಬಣ್ಣ ಬಳಿಯುವ ಕುಶಲಿಗಳಿದ್ದಾರೆ. ಅವರ ಬಾಳೆಹಣ್ಣನ್ನು ಸುಲಿಯಲು ಕೈ ಹಾಕಿದ ನೆಂಟರನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಕಾಟಿನ ಕಾಲಿಗೆ ಒಂದು ಬುಚ್ಚು ಬೇಕೆಂದು ಯಾರನ್ನು ಕೇಳುವುದು? ನಮ್ಮೂರ ಬಡಿಗ್ಯಾನಿಗೆ ಹೊಸ ಮನೆಗಳ ಚೌಕಟ್ಟಿನ ಕೆಲಸವೇ ವರ್ಷಕ್ಕಾಗುವಷ್ಟಿದೆ. "ಮಾಸ್ತರ, ಒಂದ್ ಬುಚ್ಚಿಗೆ ನಾ ಬಂದ್ರ ಕೂಲಿ ಕಾಟಿನ ಕಿಮ್ಮತ್ತಿಗಿಂತ ಹೆಚ್ಚಾಕ್ಕೈತ್ರಿ. ಕಾಗದ ಮಡಚಿ ಬುಡಕ ಇಡ್ರಿ" ಎಂದುಬಿಡುತ್ತಾನೆ. ಕಾಗದ ಇಟ್ಟೂ ನೋಡಿದ್ದಾಗಿದೆ. ಚುನಾವಣೆಯ ಕರಪತ್ರಗಳು ಒಳ್ಳೆ ದಪ್ಪ ಕಾಗದದವು. ನಾಲ್ಕು ಮಡಿಕೆ ಮಾಡಿ ಇಟ್ಟರೆ ಟೇಬಲ್ಲಿನ ಕುಂಟು ಆ ಕ್ಷಣಕ್ಕೆ ನಿಲ್ಲುತ್ತದೆ. ಐದು ವರ್ಷದ ಭರವಸೆ ಹೊತ್ತು ಬಂದ ಆ ಕಾಗದ, ಒಂದು ಸಲ ನೆಲ ಒರೆಸಿದರೆ ಮೆತ್ತಗಾಗುತ್ತದೆ.

ಉಳಿದದ್ದು ಪ್ಲಾಸ್ಟಿಕ್ಕು. ನೀರಿಗೆ ಅಂಜದ, ಗೆದ್ದಲು ಮೂಸಿಯೂ ನೋಡದ, ಹ್ಯಾಕ್ಸಾ ಬ್ಲೇಡಿಗೆ ತಕರಾರಿಲ್ಲದೆ ಕೊಯ್ಸಿಕೊಳ್ಳುವ ಈ ವಸ್ತುವಿಗೆ ನಮ್ಮ ಕಡೆ ಬರವಿಲ್ಲ. ಕಬ್ಬಿನ ಸೀಮೆ ಇದು. ಪೈಪಿಲ್ಲದ ಹೊಲವಿಲ್ಲ, ಪೈಪಿನ ತುಂಡಿಲ್ಲದ ಅಟ್ಟವಿಲ್ಲ. ನನ್ನ ಅಟ್ಟದಲ್ಲಿ ಪಿವಿಸಿ ಪೈಪಿನ ಮೋಟುಗಳಿವೆ, ಡ್ರಿಪ್ಪಿನ ಕರಿ ನಳಿಗೆಯ ಸುರುಳಿ ಇದೆ, 15 ಲೀಟರಿನ ಎಣ್ಣೆ ಕ್ಯಾನುಗಳಿವೆ, ಹಿಡಿಕೆ ಹೋದ ಬಕೆಟ್ಟುಗಳಿವೆ. ಹಿಂದೆ ಸರಿಯುತ್ತಿದ್ದ ಟ್ರ್ಯಾಕ್ಟರಿನಿಂದ ಗುದ್ದಿಸಿಕೊಂಡ ನೀರಿನ ಟಾಕಿಯ ದಪ್ಪ ಚೂರುಗಳೂ ಇವೆ. ಯಾವ ಕಂಪನಿಯದಾದರೂ ನಮ್ಮಲ್ಲಿ ಅದು ಸಿಂಟೆಕ್ಸೇ. ಮನೆಯಾಕೆ ಇದೆಲ್ಲವನ್ನು ಗುಜರಿ ಎನ್ನುತ್ತಾಳೆ, ನಾನು ಕಚ್ಚಾ ಮಾಲು ಎನ್ನುತ್ತೇನೆ. ಗುಜರಿಯವನ ಗಾಡಿ ಕೂಗುತ್ತ ಓಣಿಗೆ ಬರುವ ಹೊತ್ತಿಗೆ ನಾನು ತಪ್ಪದೆ ಮನೆಯಲ್ಲಿರುತ್ತೇನೆ.

ಆದರೆ ಅಟ್ಟದ ತುಂಬ ಮಾಲಿದ್ದರೆ ಸಾಲದು, ಯಾವುದು ಯಾವ ಜಾತಿಯದೆಂದು ತಿಳಿದಿರಬೇಕು. ಬಸವಣ್ಣನವರ ನಾಡಿನಲ್ಲಿ ಕೂತು ಹೀಗೆ ಬರೆಯಲು ಸಂಕೋಚವಾಗುತ್ತದೆ. ಏನು ಮಾಡುವುದು, ಪ್ಲಾಸ್ಟಿಕ್ಕಿನಷ್ಟು ಕಟ್ಟಾ ಜಾತಿವಾದಿ ಲೋಕದಲ್ಲಿ ಇನ್ನೊಂದಿಲ್ಲ. ಪಾಲಿಥೀನು ಪಾಲಿಥೀನಿನ ಸಂಗಡವೇ ಬೆಸೆಯುತ್ತದೆ, ಪಾಲಿಪ್ರೊಪಿಲೀನು ಪಾಲಿಪ್ರೊಪಿಲೀನಿನ ಸಂಗಡವೇ. ಬಣ್ಣ ಒಂದೇ, ಹೊಳಪು ಒಂದೇ ಎಂದು ಎರಡನ್ನೂ ಕಾಸಿ ಕೂಡಿಸಿದರೆ ಮೊದಲಿಗೆ ಸಂಬಂಧ ಕೂಡಿತೆಂದೇ ಅನಿಸುತ್ತದೆ. ಆರಿದ ಮೇಲೆ ಬೆರಳಿನಿಂದ ಎಳೆದರೆ ಸದ್ದಿಲ್ಲದೆ ಬಿಟ್ಟು ಬರುತ್ತದೆ.

ಪುಣ್ಯಕ್ಕೆ ಈ ಜಾತಿ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆಯಬೇಕಿಲ್ಲ. ಡಬ್ಬಿಯನ್ನು ಬೋರಲು ಹಾಕಿದರೆ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಒತ್ತಿರುತ್ತದೆ. ಮರುಬಳಕೆಗೆ ವಿಂಗಡಿಸಲು ಅನುಕೂಲವಾಗಲೆಂದು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಶುರುಮಾಡಿದ ಪದ್ಧತಿ ಇದು. 1 ನೀರಿನ ಬಾಟಲಿಯ ಪೆಟ್, 2 ಎಣ್ಣೆ ಕ್ಯಾನಿನ ಎಚ್‌ಡಿಪಿಇ, 3 ಪೈಪಿನ ಪಿವಿಸಿ, 4 ಮೆತ್ತನೆಯ ಪಾಲಿಥೀನು, 5 ಖುರ್ಚಿಯ ಪಾಲಿಪ್ರೊಪಿಲೀನು, 6 ಪಾಲಿಸ್ಟೈರೀನು. 7 ಎಂಬುದು ಎಲ್ಲ ಸರ್ಕಾರಿ ಫಾರ್ಮುಗಳ ಕಟ್ಟಕಡೆಗೆ ಇರುವ 'ಇತರೆ'.

ಅಂಕಿ ಇಲ್ಲದ ತುಂಡನ್ನು ವಿಚಾರಣೆಗೆ ಒಳಪಡಿಸಬೇಕು. ಬಕೆಟ್ಟಿನ ನೀರಿಗೆ ಹಾಕಿದರೆ ಎಚ್‌ಡಿಪಿಇ, ಪಾಲಿಪ್ರೊಪಿಲೀನು ತೇಲುತ್ತವೆ. ಪಿವಿಸಿ ನೀರಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಭಾರ, ನೇರ ತಳ ಕಾಣುತ್ತದೆ, ನೈಲಾನೂ ಮುಳುಗುತ್ತದೆ. ತೇಲಿದವರಲ್ಲಿ ಯಾರು ಯಾರೆಂದು ತಿಳಿಯಲು ಹೆಬ್ಬೆರಳಿನ ಉಗುರು ಸಾಕು. ಎಚ್‌ಡಿಪಿಇ ಮುಟ್ಟಿದರೆ ಜಾರುತ್ತದೆ, ಗೀರಿದರೆ ಗೆರೆ ಮೂಡುತ್ತದೆ. ಪಾಲಿಪ್ರೊಪಿಲೀನು ಬಿರುಸು, ಉಗುರಿಗೆ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಮಗ್ಗಲ ಮನೆಯ ಕಾಕಾನಿಗೆ ಈ ಸೌಮ್ಯ ವಿಚಾರಣೆಯಲ್ಲಿ ನಂಬಿಕೆ ಇಲ್ಲ. ಕಡ್ಡಿ ಗೀರಿ ಸುಟ್ಟು ಮೂಸಿ ನೋಡುವುದು ಅವನ ಪದ್ಧತಿ. "ಮೇಣಬತ್ತಿ ವಾಸನಿ ಬಂತಂದ್ರ ಕ್ಯಾನು, ಮೂಗು ಉರೀತಂದ್ರ ಪೈಪು. ಮುಗೀತ!" ಎನ್ನುತ್ತಾನೆ. ಶಾಸ್ತ್ರ ಸರಿಯೇ ಇದೆ. ಆದರೆ ಪಿವಿಸಿ ಉರಿದಾಗ ಬರುವುದು ಹೈಡ್ರೋಜನ್ ಕ್ಲೋರೈಡಿನ ಹೊಗೆ, ಮೂಗಿನೊಳಗಿನ ಪಸೆಗೆ ತಾಗಿದರೆ ಆಮ್ಲ. ಈಗ ಕಾಕಾನ ಮೂಗು ಮಲ್ಲಿಗೆಗೂ ಸಗಣಿಗೂ ಒಂದೇ ತೀರ್ಪು ಕೊಡುತ್ತದೆ.

ಜಾತಿ ತಿಳಿದ ಮೇಲೆ ಉದ್ಯೋಗ ಹಂಚಬಹುದು. ಎಚ್‌ಡಿಪಿಇಗೆ ತಿಕ್ಕಾಟದ ಕೆಲಸ ಕೊಡಬೇಕು. ನಮ್ಮ ಹಳೇ ಟೇಬಲ್ಲಿನ ಡ್ರಾವರ್ ಮಳೆಗಾಲದಲ್ಲಿ ಉಬ್ಬಿ, ಎಳೆದರೆ ಟೇಬಲ್ಲೇ ಹಿಂದೆ ಬರುತ್ತಿತ್ತು. ಅವ್ವ ಇದ್ದಾಗ ಅದರ ಅಂಚಿಗೆ ಮೇಣಬತ್ತಿ ತಿಕ್ಕುತ್ತಿದ್ದಳು. ಅವಳು ಓದದೆ ತಿಳಿದ ರಸಾಯನಶಾಸ್ತ್ರ ಅದು. ಮೇಣವೂ ಪಾಲಿಥೀನೂ ಒಂದೇ ಗೋತ್ರ: ಎರಡೂ ಇಂಗಾಲ, ಜಲಜನಕದ ಸರಪಳಿ. ಮೇಣದ ಸರಪಳಿಯಲ್ಲಿ ಇಂಗಾಲದ ಕೊಂಡಿಗಳು 20ರಿಂದ 40, ಕ್ಯಾನಿನಲ್ಲಿ ಸಾವಿರಾರು. ಹಾಗಾಗಿ ಮೇಣ ತಿಂಗಳೊಪ್ಪತ್ತಿನಲ್ಲಿ ಸವೆದರೆ ಕ್ಯಾನಿನ ಪಟ್ಟಿ ವರ್ಷಗಟ್ಟಲೆ ಜಾರುತ್ತದೆ.

ಎಣ್ಣೆ ಕ್ಯಾನಿನ ಚಪ್ಪಟೆ ಮಗ್ಗುಲನ್ನು ಕೊಯ್ದು, ಬೆರಳಗಲದ ಪಟ್ಟಿ ಮಾಡಿ, ಕುದಿನೀರು ಹೊಯ್ದು ಬೀಸುಕಲ್ಲಿನ ಅಡಿ ರಾತ್ರಿಯಿಡೀ ಇಟ್ಟರೆ ಬಾಗು ಬಿಡುತ್ತದೆ. ಅಂಟಿನ ಗೊಡವೆ ಬೇಡ. ಅಂಗಡಿಯವ "ಇದು ಲಾರಿ ಜಗ್ಗತೈತ್ರಿ" ಎಂದು ಕೊಟ್ಟ ಅಂಟೂ ಪಾಲಿಥೀನಿನ ಮೇಲೆ ಹರಡದೆ ಹನಿಯಾಗಿಯೇ ಕೂಡುತ್ತದೆ, ಒಣಗಿದ ಮೇಲೆ ಹಕ್ಕಳೆ ಕಿತ್ತಂತೆ ಏಳುತ್ತದೆ. ಸ್ಕ್ರೂ ಒಂದೇ ದಾರಿ. ತೂತಿನ ಬಾಯಿಗೆ ದಪ್ಪ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಎರಡು ಸುತ್ತು ತಿರುವಿ ಗುಳಿ ಮಾಡಿದರೆ ಸ್ಕ್ರೂ ತಲೆ ಒಳಗೆ ಇಳಿಯುತ್ತದೆ, ಡ್ರಾವರಿಗೆ ತಡೆಯುವುದಿಲ್ಲ. ನಮ್ಮ ಡ್ರಾವರ್ ಈಗ ಕಿರುಬೆರಳಿಗೆ ಬರುತ್ತದೆ. ನೆಲದ ಇಳಿಜಾರಿಗೆ ಕೆಲವು ಸಲ ತಾನಾಗಿಯೂ ಬರುತ್ತದೆ. "ಮೊದಲ ತೆಗದ್ರ ಬರ್ತಿದ್ದಿಲ್ಲ, ಈಗ ಮುಚ್ಚಿದ್ರ ನಿಲ್ಲವಲ್ದು. ಅಂದಂಗ ಏನ್ರಿ, ಜ್ವಾಳದ ಹಿಟ್ಟ ಹಾಕಬೇಕಂತ ತೊಳದ ಇಟ್ಟಿದ್ದ ಕ್ಯಾನ್ ಎಲ್ಲೈತಿ?" ಎಂದಳು ಮನೆಯಾಕೆ. ಕೆಲವು ಪ್ರಶ್ನೆಗಳಿಗೆ ಉತ್ತರ ಸ್ಕ್ರೂ ಹೊಡೆದು ಕೂತಿರುತ್ತದೆ.

ಪಿವಿಸಿಯ ಸ್ವಭಾವ ಬೇರೆ. ಸುಮಾರು 80 ಡಿಗ್ರಿಗೆ ಅದು ಮೆತ್ತಗಾಗುತ್ತದೆಂಬುದು ನಮ್ಮ ರೈತರಿಗೆ ಥರ್ಮಾಮೀಟರ್ ಇಲ್ಲದೆ ಗೊತ್ತು. ಕಬ್ಬಿನ ರವದಿಗೆ ಬೆಂಕಿ ಹಚ್ಚಿ ಪೈಪಿನ ತುದಿ ಕಾಸಿ, ಇನ್ನೊಂದು ಪೈಪನ್ನು ಅದರೊಳಗೆ ತುರುಕಿ ಜೋಡಿಸುವುದನ್ನು ಯಾವ ಹೊಲದಲ್ಲೂ ನೋಡಬಹುದು. ಅದೇ ವಿದ್ಯೆಯನ್ನು ಕಾಟಿನ ಕಾಲಿಗೆ ತಂದರೆ ಆಯಿತು. ಕಬ್ಬಿಣದ ಕಾಟಿನ ಕಾಲು ಒಂದಿಂಚಿನ ಕೊಳವೆ, ಅಂದರೆ 25.4 ಮಿಲಿಮೀಟರ್. ಪಿವಿಸಿ ಪೈಪಿನ ಬಾಯಿ ಮುಚ್ಚುವ ಎಂಡ್ ಕ್ಯಾಪು ಸಿಗುವುದು 25 ಮಿಲಿಮೀಟರಿನ ಪೈಪಿಗೆ. ಆ ಚೂರೇಚೂರು ವ್ಯತ್ಯಾಸದಲ್ಲೇ ಲಾಭವಿದೆ. ಕ್ಯಾಪನ್ನು ಕುದಿಯುವ ನೀರಿನಲ್ಲಿ ಹಾಕಿ, ಮೆತ್ತಗಾದೊಡನೆ ಬಟ್ಟೆ ಹಿಡಿದು ಒತ್ತಿದರೆ ಕಾಲಿಗೆ ಏರುತ್ತದೆ. ಆರಿತೆಂದರೆ ಹಿಡಿದ ಪಟ್ಟು ಬಿಡುವುದಿಲ್ಲ. ಏರಿಸುವ ಮೊದಲು ಒಳಗೊಂದು ಕಬ್ಬಿಣದ ವಾಶರ್ ಹಾಕುವುದನ್ನು ಮರೆಯಬಾರದು. ಇಲ್ಲದಿದ್ದರೆ ಕೊಳವೆಯ ಚೂಪು ಅಂಚು ಕ್ಯಾಪಿನ ತಳವನ್ನು ಗುಂಡಗೆ ಕೊರೆದು, ಹೊಸ ಟೈಲ್ಸಿನ ಮೇಲೆ ಸಹಿ ಹಾಕುತ್ತದೆ. ಅಂಟಿನ ವಿಷಯದಲ್ಲೂ ಪಿವಿಸಿ ಸಂಭಾವಿತ. ಪೈಪಿನ ಸಲ್ಯೂಷನ್ ಅದರ ಮೈಯನ್ನೇ ಕರಗಿಸಿ ಎರಡನ್ನು ಒಂದು ಮಾಡುತ್ತದೆ. ಸುತ್ತಿಗೆಯ ಪೆಟ್ಟು ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಬಿಸಿಲು ತಿಂದ ಹಳೇ ಪೈಪಾದರೆ ಗಾಜು ಒಡೆದ ಹಾಗೆ ಒಡೆಯುತ್ತದೆ.

ಇನ್ನು ಖುರ್ಚಿ. ಫ್ರಾನ್ಸಿನ ಆನ್ರಿ ಮಾಸೊನೆ ಎಂಬಾತ 1972ರಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಖುರ್ಚಿ ತಂದ. ಅದರ ಮರಿಮಕ್ಕಳಿಲ್ಲದೆ ಇವತ್ತು ನಮ್ಮಲ್ಲಿ ಲಗ್ನವೂ ಆಗುವುದಿಲ್ಲ, ಗ್ರಾಮಸಭೆಯೂ ನಡೆಯುವುದಿಲ್ಲ. ಸಾಮಾನ್ಯವಾಗಿ ಅದು ಪಾಲಿಪ್ರೊಪಿಲೀನು. ಬಗ್ಗಿದರೂ ಮುರಿಯದ ಗಟ್ಟಿ ಕುಳ, ಆದರೆ ಬಿಸಿಲು ಅದರ ಶತ್ರು. ಅಂಗಳದಲ್ಲಿ ಎರಡು ಬ್ಯಾಸಗಿ ಕಳೆದ ಖುರ್ಚಿಯ ಮೇಲೆ ಕೈಯಾಡಿಸಿದರೆ ಸುಣ್ಣದ ಹಾಗೆ ಪುಡಿ ಬರುತ್ತದೆ. ಆಮೇಲೆ ದಪ್ಪ ಮೈಯ ಮಾವ ಒಮ್ಮೆ ಬಂದು ಕೂತರೆ ಸಾಕು. ಸೀಳಿನ ಎರಡೂ ಬದಿಗೆ ಕಾದ ಮೊಳೆಯಿಂದ ತೂತು ಕೊರೆದು ತಂತಿ ಹೊಲಿಯುವುದು ನಮ್ಮ ಕಡೆಯ ರೂಢಿ. ಅದು ಹಿಡಿಯುತ್ತದೆ, ಜೊತೆಗೆ ಕೂತವರ ಧೋತರವನ್ನೂ ಹಿಡಿಯುತ್ತದೆ. ನನ್ನ ಮತ ಬೆಸುಗೆಯ ಕಡೆಗೆ. ಇನ್ನೊಂದು ಮುರಿದ ಖುರ್ಚಿಯಿಂದ ಕಡ್ಡಿಯಷ್ಟು ದಪ್ಪದ ಎಳೆ ಕೊಯ್ದು, ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಕಡ್ಡಿಯಿಂದ ಸೀಳನ್ನೂ ಎಳೆಯನ್ನೂ ಕೂಡಿಯೇ ಕರಗಿಸುತ್ತ ಹೋಗಬೇಕು. ಇಲ್ಲಿ 5ಕ್ಕೆ 5ನ್ನೇ ಬೆರೆಸಬೇಕು, ಅಂತರ್ಜಾತಿ ಪ್ರಯೋಗ ನಡೆಯುವುದಿಲ್ಲ. ಸುಣ್ಣ ಬಿಟ್ಟ ಭಾಗವನ್ನು ಮೊದಲು ಕೆರೆದು ತೆಗೆಯಬೇಕು. ಸತ್ತ ಪ್ಲಾಸ್ಟಿಕ್ಕಿನ ಮೇಲೆ ಬೆಸುಗೆ ನಿಲ್ಲುವುದಿಲ್ಲ. ಬಿಸಿಲಲ್ಲೇ ಇರುವ ಸಾಮಾನಿಗೆ ಕರಿ ಪ್ಲಾಸ್ಟಿಕ್ ಉತ್ತಮ. ಡ್ರಿಪ್ಪಿನ ನಳಿಗೆ, ಕರಿ ಟಾಕಿ ವರ್ಷಾನುಗಟ್ಟಲೆ ಬಿಸಿಲಿಗೆ ಮೈಕೊಟ್ಟು ನಿಲ್ಲುವುದು ಅವಕ್ಕೆ ಬೆರೆಸಿದ ಕಾಡಿಗೆಯ ಬಲದಿಂದ. ಅದೇ 16 ಮಿಲಿಮೀಟರಿನ ನಳಿಗೆಯನ್ನು ಉದ್ದಕ್ಕೆ ಸೀಳಿ ಕಬ್ಬಿಣದ ರ್‍ಯಾಕಿನ ಅಂಚಿಗೆ ತೊಡಿಸಿದರೆ ಮಕ್ಕಳ ಹಣೆ ಉಳಿಯುತ್ತದೆ.

ತಿರುಗುವ ಜಾಗಕ್ಕೆ, ಬಾಗಿಲಿನ ಬುಶ್ಶಿಗೆ, ಗಾಲಿಯ ನಡುವಿನ ತೂತಿಗೆ ನೈಲಾನು. ಬೆಳಗಾವಿಯ ಉದ್ಯಮಬಾಗದಂಥ ಕಡೆ ಲೇಥ್ ಅಂಗಡಿಗಳಲ್ಲಿ ನೈಲಾನ್ ರಾಡಿನ ತುಂಡುಗಳು ಸಿಗುತ್ತವೆ. ಅದು ನೀರು ಕುಡಿದು ಉಬ್ಬುವ ಜಾತಿಯಾದ್ದರಿಂದ ಬ್ಯಾಸಗಿಯಲ್ಲಿ ಬಿಗಿಯಾಗಿ ಕೂಡಿಸಿದ ಬುಶ್ಶು ಆಷಾಢದಲ್ಲಿ ಹಟ ಹಿಡಿಯುತ್ತದೆ. ಕೂದಲೆಳೆಯಷ್ಟು ಸಡಿಲು ಬಿಟ್ಟೇ ಮಾಡಿಸಬೇಕು.

ಎಲ್ಲ ಜಾತಿಗೂ ಅನ್ವಯಿಸುವ ಒಂದು ಕಾನೂನಿದೆ. ಪ್ಲಾಸ್ಟಿಕ್ಕನ್ನು ಭಾರದ ಅಡಿಗೆ ಇಡಬಹುದು, ಭಾರ ಹೊರುವ ಅಡ್ಡತೊಲೆ ಮಾಡಬಾರದು. ಒಂದೇ ಸಮನೆ ಭಾರ ಹೇರಿದರೆ ಅದು ಮುರಿಯದೆ, ಸದ್ದು ಮಾಡದೆ, ತಿಂಗಳುಗಟ್ಟಲೆ ನಿಧಾನವಾಗಿ ಬಾಗುತ್ತ ಹೋಗುತ್ತದೆ. ಟಾಕಿಯ ಚೂರಿನಿಂದ ಮಾಡಿದ ಗೂಡಿನ ಹಲಗೆಯ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟವರ ಮನೆಯಲ್ಲಿ ದೀಪಾವಳಿಗೆ ನೆಟ್ಟಗಿದ್ದ ಹಲಗೆ ಯುಗಾದಿಗೆ ನಮಸ್ಕಾರ ಮಾಡುತ್ತಿತ್ತು. ಅಡ್ಡಕ್ಕೆ ಕಬ್ಬಿಣ ಇಲ್ಲವೆ ಕಟ್ಟಿಗೆ, ಬುಡಕ್ಕೆ ಮತ್ತು ತಿಕ್ಕುವಲ್ಲಿ ಪ್ಲಾಸ್ಟಿಕ್ಕು: ಇಷ್ಟು ನೆನಪಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ.

ಬೆಳೆಗೆ ಹೊಡೆಯುವ ಔಷಧದ ಕ್ಯಾನುಗಳನ್ನು ಮಾತ್ರ, ಅವು ಎಷ್ಟೇ ಗಟ್ಟಿ ಎಚ್‌ಡಿಪಿಇ ಆಗಿರಲಿ, ಮನೆಯೊಳಗೆ ತರಬೇಡಿ. ಕೀಟನಾಶಕ ತೊಳೆದರೆ ಹೋಗುವ ನೆಂಟನಲ್ಲ. ಕಾಸುವಾಗ ಕಿಟಕಿ ತೆರೆಯಿರಿ, ಉಳಿದ ಚೂರುಗಳನ್ನು ಒಲೆಗೆ ಹಾಕದೆ ಗುಜರಿಗೆ ಕೊಡಿ. ಖುರ್ಚಿಯನ್ನು ಹೊಲಕ್ಕೆ ವರ್ಗ ಮಾಡುವ ಮುನ್ನ ಒಮ್ಮೆ ಬೋರಲು ಹಾಕಿ ಅಂಕಿ ನೋಡಿ, ಅಟ್ಟದಲ್ಲಿ ಅದರ ಬಳಗದವರು ಯಾರಾದರೂ ಇದ್ದೇ ಇರುತ್ತಾರೆ. ಜಾತಿ ಕೇಳುವ ಚಾಳಿ ಬಿಡಲಾಗದವರಲ್ಲಿ ನನ್ನದೊಂದೇ ವಿನಂತಿ: ದಯಮಾಡಿ ಅದನ್ನು ಪ್ಲಾಸ್ಟಿಕ್ಕಿಗಷ್ಟೇ ಇಟ್ಟುಕೊಳ್ಳಿ.